ಪೈಥಾನ್‌ನಲ್ಲಿ ಸೈನ್ 30 ಕೊಟ್ಟರೆ 0.5 ಯಾಕೆ ಬರುವುದಿಲ್ಲ?

ಪುಸ್ತಕದಲ್ಲಿ ಸೈನ್ 30 ಅಂದರೆ 0.5, ಪೈಥಾನ್‌ನ ಮ್ಯಾಥ್ ಮಾಡ್ಯೂಲ್ ಮಾತ್ರ -0.988 ಅನ್ನುತ್ತದೆ, ಯಾರದು ತಪ್ಪು ಅಂತ ಕೇಳಿದ್ದೀರಿ. ಇಬ್ಬರದೂ ಸರಿ. ನೀವು ಕೊಟ್ಟಿದ್ದು 30 ಡಿಗ್ರಿ, ಅದು ತೆಗೆದುಕೊಂಡಿದ್ದು 30 ರೇಡಿಯನ್.

ರೇಡಿಯನ್ ಕೂಡ ಡಿಗ್ರಿಯ ಹಾಗೆ ಕೋನ ಅಳೆಯುವ ಮಾನ, ಒಂದು ರೇಡಿಯನ್ ಅಂದರೆ ಸುಮಾರು 57.3 ಡಿಗ್ರಿ. ಹಾಗಾಗಿ 30 ರೇಡಿಯನ್ ಅಂದರೆ ನಾಲ್ಕು ಸುತ್ತು ಪೂರ್ತಿ ತಿರುಗಿ, ಐದನೇ ಸುತ್ತಿನಲ್ಲಿ 279 ಡಿಗ್ರಿ ಹತ್ತಿರ ಬಂದು ನಿಂತ ಹಾಗೆ. ಅಲ್ಲಿ ಸೈನ್ ಬೆಲೆ -0.988 ಇರಲೇಬೇಕು. ಸಿ, ಜಾವಾ, ಎಕ್ಸೆಲ್ ಎಲ್ಲದರಲ್ಲೂ ಇದೇ ಕಥೆ. ಮೊದಲು ಮ್ಯಾಥ್‌ನ ರೇಡಿಯನ್ಸ್ ಫಂಕ್ಷನ್‌ಗೆ 30 ಕೊಡಿ, ಬಂದ ಉತ್ತರವನ್ನು ಸೈನ್‌ಗೆ ಕೊಡಿ. ಅಷ್ಟೇ.

ನಾನೂ ಇದೇ ಗುಂಡಿಗೆ ಬಿದ್ದವನು. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಣದ ಅಂಚಿನಲ್ಲಿ ಒಂದು ಸಿಲ್ವರ್ ಓಕ್ ಮನೆ ಕಡೆಗೆ ವಾಲಿಕೊಂಡಿತ್ತು. ಮಳೆಗಾಲದ ಗಾಳಿಗೆ ಬಿದ್ದರೆ ಹೆಂಚಿಗೆ ತಾಗುತ್ತದಾ ಅನ್ನೋದು ಅಪ್ಪನ ಚಿಂತೆ. ಮರದಿಂದ ಮನೆಗೆ 22 ಮೀಟರ್. ನಾನು ತಮ್ಮನ ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ನೇತುಹಾಕಿದೆ. ಕಣದಲ್ಲಿ, ಬುಡದಿಂದ 20 ಮೀಟರ್ ದೂರ ನಿಂತು ತುದಿ ನೋಡಿದೆ. 50 ಡಿಗ್ರಿ ಬಂತು. 20 ಅನ್ನು ಟ್ಯಾನ್ 50ರಿಂದ ಗುಣಿಸಿ, ಕಣ್ಣಿನ ಎತ್ತರ 1.6 ಮೀಟರ್ ಕೂಡಿಸಬೇಕು. ಪ್ರೋಗ್ರಾಂ ಓಡಿಸಿದರೆ ಉತ್ತರ -3.84 ಮೀಟರ್! ಮರ ನೆಲದ ಕೆಳಗೆ ಬೆಳೆದಿದೆ ಅಂತ. "ಹಾಗಾದರೆ ಭಯ ಇಲ್ಲ ಬಿಡು" ಅಂದರು ಅಪ್ಪ. ರೇಡಿಯನ್ಸ್ ಸೇರಿಸಿದ ಮೇಲೆ 25.4 ಬಂತು.

ಒಂದು ವಿಷಯ ಹೇಳಿಬಿಡುತ್ತೇನೆ. ಉತ್ತರ ಮೈನಸ್ ಬಂದಿದ್ದು ನನ್ನ ಅದೃಷ್ಟ. ಪ್ಲಸ್‌ನಲ್ಲಿ ಯಾವುದೋ ನಂಬುವಂಥ ಸಂಖ್ಯೆ ಬಂದಿದ್ದರೆ ಸುಮ್ನೆ ಒಪ್ಪಿಕೊಳ್ಳುತ್ತಿದ್ದೆ, ಅಲ್ವಾ? ಅದಕ್ಕೇ ಈಗ ಯಾವ ಪ್ರೋಗ್ರಾಂ ಬರೆದರೂ ಮೊದಲು 45 ಡಿಗ್ರಿ ಕೊಟ್ಟು ನೋಡುತ್ತೇನೆ. ಟ್ಯಾನ್ 1ರ ಹತ್ತಿರ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ಅರ್ಥ.

ಇನ್ನೊಂದು, ರೇಡಿಯನ್ಸ್ ಹಾಕಿದ ಮೇಲೂ ನಿಮಗೆ 0.5 ಬರುವುದಿಲ್ಲ, 0.49999999999999994 ಬರುತ್ತದೆ. ಗಾಬರಿ ಬೇಡ. ಪೈ ಬೆಲೆಯನ್ನು ಕಂಪ್ಯೂಟರ್ ಪೂರ್ತಿ ಇಟ್ಟುಕೊಳ್ಳಲು ಆಗುವುದಿಲ್ಲ, ಎಲ್ಲೋ ಕತ್ತರಿಸಲೇಬೇಕು. ಅದೇ ಕಾರಣಕ್ಕೆ ಟ್ಯಾನ್ 90 ಡಿಗ್ರಿ ಕೇಳಿದರೆ ಎರರ್ ಬದಲು 17 ಅಂಕಿಯ ದೊಡ್ಡ ಸಂಖ್ಯೆ ಕೊಡುತ್ತದೆ. ಎರಡು ಉತ್ತರ ಒಂದೇನಾ ಅಂತ ನೋಡಲು ಡಬಲ್ ಈಕ್ವಲ್ (==) ಬಳಸಬೇಡಿ, ಎರಡೂ ತೀರಾ ಹತ್ತಿರ ಇವೆಯಾ ಅಂತ ನೋಡುವ, ಮ್ಯಾಥ್‌ನಲ್ಲೇ ಇರುವ ಈಸ್‌ಕ್ಲೋಸ್ (isclose) ಬಳಸಿ.

ಹದಿನೇಳನೇ ಅಂಕಿಗೆ ತಲೆ ಕೆಡಿಸಿಕೊಳ್ಳುವ ಮೊದಲು ಅಳತೆ ನೋಡಿಕೊಳ್ಳಿ. ಕೋನ 50ರ ಬದಲು 51 ಅಂತ ಓದಿದರೆ ನನ್ನ ಮರ 86 ಸೆಂಟಿಮೀಟರ್ ಜಾಸ್ತಿ ಬೆಳೆಯುತ್ತದೆ. ನಮ್ಮ ಕಡೆ ಇಳಿಜಾರೇ ಜಾಸ್ತಿ. 15 ಡಿಗ್ರಿ ಇಳಿಜಾರಿನಲ್ಲಿ ಟೇಪ್ 20 ಮೀಟರ್ ತೋರಿಸಿದರೆ ಅಡ್ಡ ದೂರ 19.32 ಮಾತ್ರ. ಅಲ್ಲಿ ಕಾಸ್ 15ರಿಂದ ಗುಣಿಸಬೇಕು. ಇಳಿಜಾರಿನಲ್ಲಿ ಮರಕ್ಕಿಂತ ಮೇಲ್ಗಡೆ ನಿಂತು ನೋಡುವುದಾದರೆ ಮರದ ತುದಿಗೆ ಒಂದು ಕೋನ, ಬುಡಕ್ಕೆ ಒಂದು ಕೋನ ಓದಿ, ಎರಡರ ಟ್ಯಾನ್ ಕೂಡಿಸಿ ಅಡ್ಡ ದೂರದಿಂದ ಗುಣಿಸಿ. ಆಗ ಕಣ್ಣಿನ ಎತ್ತರ ಬೇಕಾಗಿಲ್ಲ.

ಮರವನ್ನು ಮೇ ತಿಂಗಳಲ್ಲೇ ಕಡಿಸಿದೆವು. ಮಲಗಿದ ಮೇಲೆ, ಬುಡ ಸೇರಿಸಿ ಟೇಪ್ ಹಿಡಿದರೆ 24.9 ಮೀಟರ್. ನನ್ನ ಲೆಕ್ಕಕ್ಕಿಂತ ಅರ್ಧ ಮೀಟರ್ ಕಡಿಮೆ. ಮರ ಕಪಾತಿಗೆ (ಕೊಂಬೆ ಸವರುವ ಕೆಲಸಕ್ಕೆ) ಬಂದಿದ್ದ ಅಣ್ಣ ಒಬ್ಬರು ಮೊದಲೇ ಬರೀ ಕಣ್ಣಲ್ಲಿ ನೋಡಿ "80 ಅಡಿ ಇರಬಹುದು" ಅಂದಿದ್ದರು. ಅಂದರೆ 24.4 ಮೀಟರ್. ಅವರದ್ದೂ ಅರ್ಧ ಮೀಟರೇ ತಪ್ಪು.