ಗುರುವಾರದ ಉಪವಾಸ, ಸ್ಪರ್ಧೆಯ ಸಿದ್ಧತೆ: ಬಸವನಗುಡಿಯ ತಂಗಿಗೆ ಉತ್ತರ

ನಮಸ್ಕಾರ. ಇನ್ನು ಮೂರು ತಿಂಗಳಿಗೆ ರಾಜ್ಯಮಟ್ಟದ ಸೌಂದರ್ಯ ಸ್ಪರ್ಧೆಯ ಅಂತಿಮ ಸುತ್ತಿದೆ, ಮನೆಯಲ್ಲಿ ರಾಯರ ಸೇವೆಯೂ ಗುರುವಾರದ ಉಪವಾಸವೂ ನಡೆದುಕೊಂಡು ಬಂದಿವೆ, ಇವೆರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ, ಅರ್ಜಿಯಲ್ಲಿ ‘ನಿಮ್ಮ ಸಾಮಾಜಿಕ ಉದ್ದೇಶ’ ಎಂದಿರುವ ಕಡೆ ಏನು ಬರೆಯಲಿ ಎಂದು ಕೇಳಿದ್ದೀರಿ. ಇಂಥ ಸ್ಪರ್ಧೆಗಳಿಗೆ ಹೋಗುವ ಹೆಣ್ಣುಮಕ್ಕಳಿಗೆ ಸೀರೆ ಉಡಿಸಿ, ನಡಿಗೆ ತಿದ್ದುವ ಕೆಲಸವನ್ನು ಹದಿನೈದು ವರ್ಷಗಳಿಂದ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಉದ್ದೇಶದ ಮಾತು. ‘ಮಹಿಳಾ ಸಬಲೀಕರಣ’ ಎಂದು ಬರೆಯಬೇಕೆಂದಿದ್ದೀರಿ, ದಯವಿಟ್ಟು ಬೇಡ. ಎರಡು ವರ್ಷಗಳಿಂದ ಅಂಧ ವಿದ್ಯಾರ್ಥಿಗಳ ಪರೀಕ್ಷೆಗೆ, ಅವರು ಹೇಳಿದ ಉತ್ತರವನ್ನು ಬರೆದುಕೊಡುವ ಲಿಪಿಕಾರಳಾಗಿ ಹೋಗುತ್ತಿದ್ದೇನೆ ಎಂದು ಕೊನೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೀರಲ್ಲ, ಬರೆಯಬೇಕಾದದ್ದು ಅದು. ಮಿಸ್ ವರ್ಲ್ಡ್ ಸಂಸ್ಥೆ 1972ರಲ್ಲಿಯೇ ‘ಬ್ಯೂಟಿ ವಿತ್ ಎ ಪರ್ಪಸ್’ ಎಂಬ ಸೇವಾ ವಿಭಾಗವನ್ನು ಆರಂಭಿಸಿತು; 2017ರಲ್ಲಿ ಗೆದ್ದ ಮಾನುಷಿ ಛಿಲ್ಲರ್ ಅದರಲ್ಲಿ ಮುಟ್ಟಿನ ನೈರ್ಮಲ್ಯ ಎಂಬ ಒಂದೇ ಸಂಗತಿಯನ್ನು ಹಿಡಿದು ಮಾಡಿದ ಕೆಲಸವನ್ನು ಮುಂದಿಟ್ಟರು. ನೀವು ಇಂದೇ ಒಂದು ನೋಟ್‌ಬುಕ್ ಮಾಡಿ, ಯಾವ ವಿಷಯದ ಪರೀಕ್ಷೆ, ಎಷ್ಟು ಹೊತ್ತು, ಎಲ್ಲಿ ತೊಡಕಾಯಿತು ಎಂಬುದನ್ನು ನೆನಪಿದ್ದಷ್ಟು ಬರೆದಿಡಿ. ಅಂಗವಿಕಲ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯಿದೆ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಎಂದಾಯಿತು. ಅದು ಕೊಠಡಿಯಲ್ಲಿ ಕೇಳದೆಯೇ ಸಿಕ್ಕಿತೇ, ಕೇಳಿ ಪಡೆಯಬೇಕಾಯಿತೇ ಎಂಬುದು ನಿಮಗೆ ಮಾತ್ರ ಗೊತ್ತು, ತೀರ್ಪುಗಾರರು ಕಿವಿಗೊಟ್ಟು ಕೇಳುವುದೂ ಅದನ್ನೇ. ಆ ಮಕ್ಕಳ ಹೆಸರನ್ನಾಗಲಿ ಫೋಟೊವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಬಳಸಬೇಡಿ.

ಉಪವಾಸ ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಬಳಿ ಬರುತ್ತಿದ್ದ ಹುಡುಗಿಯೊಬ್ಬಳು ಬೆಳಗಿನಿಂದ ಬರೀ ಕಾಫಿ ಕುಡಿದು, ಎತ್ತರದ ಚಪ್ಪಲಿ ತೊಟ್ಟು ನಾಲ್ಕು ಗಂಟೆ ತಾಲೀಮು ಮಾಡಿ, ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದ್ದನ್ನು ಕಂಡಿದ್ದೇನೆ. ಮನೆಯ ಹಿರಿಯರನ್ನು ಕೇಳಿ, ತಾಲೀಮಿರುವ ಗುರುವಾರಗಳಲ್ಲಿ ಒಪ್ಪೊತ್ತು ಊಟಕ್ಕೆ ಬದಲಾಯಿಸಿಕೊಳ್ಳಿ. ಮಿಕ್ಕ ಹೊತ್ತಿಗೆ ಹಾಲು, ಬಾಳೆಹಣ್ಣು, ನೆನೆಸಿದ ಬಾದಾಮಿ ಇರಲಿ. ಇನ್ನೊಂದು ಮಾತು: ಕಿರೀಟ ಬಂದರೆ ಇಂಥ ಸೇವೆ ಮಾಡಿಸುತ್ತೇನೆ ಎಂದು ಹರಕೆ ಹೊರಬೇಡಿ. ಗೆಲ್ಲದೆ ಬಂದ ದಿನವೂ ಅದೇ ದೀಪವನ್ನು ಅದೇ ಮನಸ್ಸಿನಿಂದ ಹಚ್ಚುವಂತಿರಬೇಕು.

ಉಡುಪಿನ ಬಗ್ಗೆ ಅಮ್ಮನಿಗಿರುವ ಆತಂಕ ನ್ಯಾಯವಾದದ್ದೇ. 1996ರಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಿಸ್ ವರ್ಲ್ಡ್ ನಡೆದಾಗ ಎದ್ದ ಪ್ರತಿಭಟನೆಯಿಂದ ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸ್ಥಳಾಂತರಿಸಿದ್ದರು. ಮುಂದೆ ಆ ಸುತ್ತನ್ನೇ ಅವರು ಕೈಬಿಟ್ಟರು. ನಿಮ್ಮ ಸ್ಪರ್ಧೆಯಲ್ಲಿ ಯಾವ ಯಾವ ಸುತ್ತುಗಳಿವೆ, ಯಾವ ಉಡುಪು ಕಡ್ಡಾಯ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆದು, ಅಮ್ಮನ ಜೊತೆ ಕುಳಿತು ಓದಿ, ನೀವು ಯಾವುದನ್ನು ತೊಡುವುದಿಲ್ಲ ಎಂಬುದನ್ನು ಆಗಲೇ ತಿಳಿಸಿಬಿಡಿ.

ಸಾಂಪ್ರದಾಯಿಕ ಸುತ್ತಿಗೆ ಅಜ್ಜಿಯ ಇಳಕಲ್ ಸೀರೆ ಎಂದಿರುವುದು ನನಗೆ ಬಹಳ ಹಿಡಿಸಿತು. ಅದರ ಕೆಂಪು-ಬಿಳಿ ತೆನೆ ಸೆರಗು ದೂರದ ಸಾಲಿಗೂ ಕಾಣುತ್ತದೆ, ಆದ್ದರಿಂದ ಸೆರಗನ್ನು ಸಣ್ಣ ಮಡಿಕೆ ಹಿಡಿದು ಪಿನ್ ಹಾಕದೆ ತೋಳಿನ ಮೇಲೆ ಬಿಚ್ಚಿಬಿಡಿ. ಹಳೆಯ ಸೀರೆಯಲ್ಲಿ ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಕೊಂಡಿ ಹಾಕಿ ಸೇರಿಸಿರುವ ಜಾಗವೇ ಮೊದಲು ಸಡಿಲವಾಗುತ್ತದೆ. ಬೆಳಕಿಗೆ ಹಿಡಿದು ನೋಡಿ, ಅಲ್ಲಿ ಪಿನ್ ಚುಚ್ಚಲೇಬೇಡಿ. ವೇದಿಕೆಯಲ್ಲಿ ತೊಡುವ ಚಪ್ಪಲಿಯನ್ನು ಹಾಕಿಕೊಂಡೇ ಉಡಬೇಕು. ಬರಿಗಾಲಿನಲ್ಲಿ ಉಟ್ಟು ಆಮೇಲೆ ಚಪ್ಪಲಿ ಹಾಕಿದರೆ ಅಂಚು ಮೇಲೇರಿ ಪಾದದ ಗಂಟು ಕಾಣುತ್ತದೆ. ನಡಿಗೆಯ ಅಭ್ಯಾಸವನ್ನು ದಿನಕ್ಕೆ 15 ನಿಮಿಷದಿಂದ ಆರಂಭಿಸಿ, ಹಿಮ್ಮಡಿಯಲ್ಲಿ ಬೊಕ್ಕೆ ಎದ್ದರೆ ಒಡೆಯದೆ ಎರಡು ದಿನ ಬಿಡುವು ಕೊಡಿ.

ಪ್ರಶ್ನೋತ್ತರಕ್ಕೆ ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಬೆಂಗಳೂರಿನಲ್ಲಿ ಓದಿದ ಲಾರಾ ದತ್ತಾ ಅವರಿಗೆ 2000ದ ಮಿಸ್ ಯೂನಿವರ್ಸ್ ಅಂತಿಮ ಸುತ್ತಿನಲ್ಲಿ, ಇಂಥ ಸ್ಪರ್ಧೆ ಹೆಣ್ಣಿಗೆ ಅಗೌರವ ಎಂದು ಹೊರಗೆ ಪ್ರತಿಭಟಿಸುತ್ತಿರುವವರಿಗೆ ಏನು ಹೇಳುತ್ತೀರಿ ಎಂದು ಕೇಳಿದ್ದರು. ಇದೇ ಪ್ರಶ್ನೆಯನ್ನು ನಿಮ್ಮ ಅಜ್ಜಿಯಿಂದ ಕೇಳಿಸಿಕೊಂಡು, ಮೊದಲು ಕನ್ನಡದಲ್ಲಿ ಅರ್ಧ ನಿಮಿಷದಲ್ಲಿ ಉತ್ತರಿಸಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ಅಜ್ಜಿ ತಲೆದೂಗುವವರೆಗೂ ಉತ್ತರವನ್ನು ತಿದ್ದಿ.

ಹಣದ ವಿಷಯ. ನನ್ನ ತಂಗಿ ಸ್ಪರ್ಧಿಸಿದಾಗ ಆಯೋಜಕರು ಅಂತಿಮ ಸುತ್ತಿಗೆ ಮೂರು ದಿನವಿದ್ದಾಗ ನಲವತ್ತು ಟಿಕೆಟ್‌ಗಳ ಕಟ್ಟನ್ನು ಕೈಗಿಟ್ಟು, ಮಾರಲಾಗದಿದ್ದರೆ ನೀವೇ ಕೊಳ್ಳಿ ಎಂದರು. ಕೊಂಡೆವು, ಆ ಸಾಲ ತೀರಲು ಎಂಟು ತಿಂಗಳು ಹಿಡಿಯಿತು. ನೋಂದಣಿ ಶುಲ್ಕದ ಹೊರತಾಗಿ ಟಿಕೆಟ್, ಫೋಟೊ, ತರಬೇತಿ ಎಂದು ಏನೇ ಕೇಳಿದರೂ ರಸೀದಿಯಿಲ್ಲದೆ ಕೊಡಬೇಡಿ, ಕಿರೀಟಕ್ಕೇ ಬೆಲೆ ಹೇಳಿದರೆ ಅಂದೇ ಎದ್ದು ಬನ್ನಿ.

ಸೀರೆಯ ಸೆರಗಿನ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದು ಇಲ್ಲಿಯೇ ಹಾಕಿ. ಕೊಂಡಿ ಸಡಿಲವಾಗಿದ್ದರೆ ಹಿಂಬದಿಗೆ ತೆಳು ಬಟ್ಟೆ ಕೊಟ್ಟು ಹೊಲಿಯುವುದು ಹೇಗೆಂದು ತಿಳಿಸುತ್ತೇನೆ.