ಸಿಗ್ನಲ್ ಕಣದ ಮೂಲೆಯಲ್ಲಿ, ರೂಟರ್ ಟಿ.ವಿ. ಪಕ್ಕದಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಮನೆ ನಾಪೋಕ್ಲು ಕಡೆಯ ಒಂದು ಗ್ರಾಮದಲ್ಲಿ, ಕಾಫಿ ತೋಟದ ನಡುವಿನ ತಗ್ಗಿನಲ್ಲಿದೆ. ದೂರವಾಣಿಯ ತಂತಿ ಪ್ರತಿ ಮಳೆಗಾಲದಲ್ಲೂ ಮರ ಬಿದ್ದು ತುಂಡಾಗುತ್ತಿತ್ತು. ಕಡೆಯ ಬಾರಿ ತುಂಡಾದ ಮೇಲೆ ಸರಿಪಡಿಸಲು ಯಾರೂ ಬರಲಿಲ್ಲ. ಫೈಬರ್ ಮುಖ್ಯರಸ್ತೆಯವರೆಗೆ ಬಂದಿದೆ, ಅಲ್ಲಿಂದ ಒಂದೂವರೆ ಕಿಲೋಮೀಟರ್ ಕಂಬ ಹಾಕುವ ಖರ್ಚನ್ನು ನಾವೇ ಕೊಡಬೇಕಂತೆ. ಸೊಸೆ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಅವಳಿಗಾಗಿ ಸಿಮ್ ಹಾಕುವ 4ಜಿ ರೂಟರ್ ತಂದು ಟಿ.ವಿ. ಪಕ್ಕದಲ್ಲಿ ಇಟ್ಟೆವು, ಆದರೆ ವಿಡಿಯೊ ಕರೆ ನಡುವೆಯೇ ನಿಂತುಹೋಗುತ್ತದೆ. ಫೋನಿಗೆ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮತ್ತು ಅಟ್ಟದ ಕಿಟಕಿಯಲ್ಲಿ ಮಾತ್ರ. ಅಂಗಡಿಯವರು ಸಿಗ್ನಲನ್ನು ವರ್ಧಿಸಿ ಮತ್ತೆ ಬಿತ್ತರಿಸುವ ಬೂಸ್ಟರ್ ಹಾಕಿಸಿ ಎನ್ನುತ್ತಾರೆ. ಬೂಸ್ಟರ್ ಹಾಕಿಸಬೇಕೆ, ಇನ್ನೂ ಬೆಲೆಬಾಳುವ ರೂಟರ್ ತರಬೇಕೆ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಕಣದ ಮೂಲೆಯಲ್ಲಿ ಸಿಗ್ನಲ್ ಇದೆ ಎಂದು ನೀವೇ ಬರೆದಿರುವಾಗ, ಟವರಿನ ಸಿಗ್ನಲ್ ಹಿಡಿಯಬೇಕಾದ ಉಪಕರಣ ಟಿ.ವಿ. ಪಕ್ಕದಲ್ಲಿ ಇರಬೇಕಾದ ಅಗತ್ಯವೇ ಇಲ್ಲ. ನಿಮ್ಮ ರೂಟರ್ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ: ಟವರಿನೊಡನೆ ಮಾತನಾಡುವುದು ಒಂದು, ಮನೆಯೊಳಗೆ ವೈಫೈ ಹಂಚುವುದು ಇನ್ನೊಂದು. ವೈಫೈ ಜಗಲಿಯಲ್ಲೋ ಕೋಣೆಯಲ್ಲೋ ಇರಲಿ. ಟವರನ್ನು ನೋಡುವ ಭಾಗ ಮಾತ್ರ ಸಿಗ್ನಲ್ ಇರುವಲ್ಲಿಗೇ ಹೋಗಬೇಕು.

ಮೊದಲು ಅಳೆಯಿರಿ. ಫೋನಿನ ಪರದೆಯಲ್ಲಿ ಕಾಣುವ ಗೆರೆಗಳನ್ನು ನಂಬಬೇಡಿ, ಅವುಗಳ ಲೆಕ್ಕ ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ರೀತಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೋರಿಸುವ ಪುಟದಲ್ಲಿ ಸಿಗ್ನಲಿನ ಶಕ್ತಿ ಹೇಳುವ, ಡಿಬಿಎಂ ಎಂಬ ಅಂಕಿ ಇರುತ್ತದೆ. ರೂಟರಿನ ಪುಟದಲ್ಲಿ ಅದಕ್ಕೆ ಆರ್‌ಎಸ್‌ಆರ್‌ಪಿ ಎಂಬ ಹೆಸರಿರುತ್ತದೆ. 4ಜಿಯಲ್ಲಿ ಮೈನಸ್ 80ರ ಆಸುಪಾಸಿನಲ್ಲಿದ್ದರೆ ಬಹಳ ಚೆನ್ನಾಗಿದೆ, ಮೈನಸ್ 100ರ ಹತ್ತಿರ ಕೆಲಸ ನಡೆಯುತ್ತದೆ, ಮೈನಸ್ 115 ದಾಟಿದರೆ ಸಂಪರ್ಕ ಉಳಿಯುವುದೇ ಕಷ್ಟ. 10 ಅಂಕಿಯ ವ್ಯತ್ಯಾಸವೆಂದರೆ ಶಕ್ತಿಯಲ್ಲಿ 10 ಪಟ್ಟು ವ್ಯತ್ಯಾಸ ಎಂಬುದನ್ನು ನೆನಪಿಡಬೇಕು. ಭಾಗಮಂಡಲ ರಸ್ತೆಯಲ್ಲಿರುವ ಸ್ನೇಹಿತರೊಬ್ಬರ ಮನೆಯಲ್ಲಿ ನಾನು ಇದನ್ನು ಕೈಯಾರೆ ಮಾಡಿ ನೋಡಿದ್ದೇನೆ. ಟಿ.ವಿ. ಪಕ್ಕದಲ್ಲಿ ಮೈನಸ್ 113 ಇದ್ದದ್ದು ಅಟ್ಟದ ಕಿಟಕಿಯಲ್ಲಿ ಮೈನಸ್ 101 ಆಯಿತು. ಕಣದ ಅಂಚಿನಲ್ಲಿ ಜಿ.ಐ. ಪೈಪೊಂದನ್ನು ನೆಟ್ಟು ಅದರ ತುದಿಗೆ ಅದೇ ಸಿಮ್, ಅದೇ ರೂಟರನ್ನು ಕಟ್ಟಿದಾಗ ಮೈನಸ್ 91 ತೋರಿಸಿತು. ಮನೆಯೊಳಗಿಗಿಂತ ನೂರು ಪಟ್ಟಿಗೂ ಹೆಚ್ಚು ಶಕ್ತಿ ಬಂದದ್ದು ಯಾವ ಹೊಸ ಉಪಕರಣದಿಂದಲೂ ಅಲ್ಲ, ಜಾಗ ಬದಲಾದದ್ದರಿಂದ.

ಜಾಗ ಸಿಕ್ಕಿದ ಮೇಲೆ ಬಹಳ ಮಂದಿ ಎಡವುವುದು ತಂತಿಯ ವಿಷಯದಲ್ಲಿ. ಹೊರಗೆ ಆಂಟೆನಾ ಹಾಕಿ, 15 ಮೀಟರ್ ತೆಳು ಕೇಬಲ್ ಎಳೆದು, ಒಳಗಿನ ರೂಟರಿಗೆ ಚುಚ್ಚುತ್ತಾರೆ. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಆರ್‌ಜಿ–58 ಕೇಬಲ್ 4ಜಿ ಬಳಸುವ ಆವರ್ತನಗಳಲ್ಲಿ ಒಂದಾದ 1800 ಮೆಗಾಹರ್ಟ್ಸ್‌ನಲ್ಲಿ ಅಷ್ಟು ದೂರಕ್ಕೆ 10 ಡೆಸಿಬೆಲ್‌ಗೂ (ಮೇಲಿನ ಲೆಕ್ಕದ 10 ಅಂಕಿಗೂ) ಹೆಚ್ಚು ನುಂಗುತ್ತದೆ, ಅಂದರೆ ಆಂಟೆನಾ ಗಳಿಸಿದ್ದನ್ನೆಲ್ಲ ತಂತಿಯೇ ಕಳೆಯುತ್ತದೆ. ಆದ್ದರಿಂದ ಮಳೆ ತಡೆಯುವ, ಹೊರಾಂಗಣಕ್ಕೆಂದೇ ಮಾಡಿದ ರೂಟರನ್ನು ಕಂಬದ ಮೇಲೆಯೇ ಇಟ್ಟು, ಅಲ್ಲಿಂದ ಮನೆಗೆ ಈಥರ್ನೆಟ್ ತಂತಿ ಎಳೆಯುವುದು ಮೇಲು. ಆ ತಂತಿ 100 ಮೀಟರ್‌ವರೆಗೆ ವೇಗ ಕಳೆಯದೆ ಸಾಗಿಸುತ್ತದೆ. ಪಿಒಇ ಸೌಲಭ್ಯವಿದ್ದರೆ ವಿದ್ಯುತ್ತೂ ಅದರಲ್ಲೇ ಮೇಲೇರುತ್ತದೆ. ಒಳಗೆ ನಿಮ್ಮ ಈಗಿನ ರೂಟರನ್ನೇ ವೈಫೈ ಹಂಚಲು ಬಳಸಬಹುದು. ಹೊರಾಂಗಣ ರೂಟರ್ ಕೊಳ್ಳುವ ಮುನ್ನ ಅಟ್ಟದ ಕಿಟಕಿಯಲ್ಲಿ ಈಗಿನ ರೂಟರನ್ನೇ ಒಂದು ವಾರ ಇಟ್ಟು ನೋಡಿ, ಅಷ್ಟರಲ್ಲೇ ಸೊಸೆಯ ಕೆಲಸ ನಡೆದರೆ ದುಡ್ಡು ಉಳಿಯಿತು.

ಕೊಡಗಿನಲ್ಲಿ ಮರ ಮತ್ತು ಮಳೆಯ ಲೆಕ್ಕವನ್ನೂ ಹಾಕಬೇಕು. ಒದ್ದೆ ಎಲೆಗಳು ರೇಡಿಯೊ ತರಂಗವನ್ನು ಹೀರುತ್ತವೆ, ತರಂಗದ ಆವರ್ತನ ಹೆಚ್ಚಿದಷ್ಟೂ ಹೀರುವಿಕೆ ಹೆಚ್ಚು. ನೆರಳಿನ ಮರಗಳ ಕೊಂಬೆ ಸವರುವ ಕಪಾತು ಮುಗಿದ ಬಿಸಿಲು ದಿನದಲ್ಲಿ ಅಳೆದು ತೃಪ್ತಿಪಟ್ಟವರಿಗೆ ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ) ಮಳೆಯಲ್ಲಿ ಅದೇ ಅಂಕಿ ಸಿಗಲಾರದು. ಹೀಗಾಗಿ 700, 850, 900 ಮೆಗಾಹರ್ಟ್ಸ್‌ನಂತಹ ಕಡಿಮೆ ಆವರ್ತನಗಳು ನಮ್ಮ ತೋಟಗಳಲ್ಲಿ 2300ಕ್ಕಿಂತ ದೂರ ಬರುತ್ತವೆ. ರೂಟರ್ ಕೊಳ್ಳುವಾಗ ಈ ಬ್ಯಾಂಡುಗಳು ಅದರಲ್ಲಿವೆಯೇ ಎಂದು ಪೆಟ್ಟಿಗೆಯ ಮೇಲೆ ಓದಿ. ಬೇರೆ ದೇಶಕ್ಕೆಂದು ಮಾಡಿದ ಅಗ್ಗದ ರೂಟರುಗಳಲ್ಲಿ ಅವು ಇಲ್ಲದಿರುವುದುಂಟು. ಹತ್ತಿರದ ಟವರೇ ಒಳ್ಳೆಯದು ಎಂಬ ಭಾವನೆಯೂ ಬೇಡ. ನಡುವೆ ಗುಡ್ಡವಿದ್ದರೆ 1 ಕಿಲೋಮೀಟರ್ ದೂರದ ಟವರಿಗಿಂತ ಕಣಿವೆಯಾಚೆ ಕಣ್ಣಿಗೆ ಕಾಣುವ ಟವರು ಎಷ್ಟೋ ವಾಸಿ. ಟವರುಗಳು ಎಲ್ಲಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ನೋಡಬಹುದು.

ಬೂಸ್ಟರ್ ಬಗ್ಗೆ ಖಂಡಿತವಾಗಿ ಹೇಳುತ್ತೇನೆ, ಹಾಕಿಸಬೇಡಿ. ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಮೊಬೈಲ್ ಬೂಸ್ಟರ್ ಅಳವಡಿಸುವುದು ಕಾನೂನುಬಾಹಿರ. ಕಾನೂನಿಗಿಂತ ನನಗೆ ಮುಖ್ಯವೆನಿಸುವುದು ನೆರೆಹೊರೆ: ಸರಿಯಾಗಿ ಹೊಂದಿಸದ ಬೂಸ್ಟರ್ ತನ್ನದೇ ಗದ್ದಲವನ್ನು ಟವರಿಗೆ ಎರಚುತ್ತದೆ, ಒಂದೇ ಟವರನ್ನು ನಂಬಿರುವ ಗ್ರಾಮದಲ್ಲಿ ಅದರಿಂದ ಆಂಬ್ಯುಲೆನ್ಸಿಗೆ ಮಾಡಿದ ಕರೆಯೂ ಕಡಿದುಹೋಗಬಹುದು. ರೂಟರಿಗೆ ಜೋಡಿಸುವ ಸಾಮಾನ್ಯ ಆಂಟೆನಾ ಸಿಗ್ನಲನ್ನು ಹೀಗೆ ವರ್ಧಿಸಿ ಮತ್ತೆ ಬಿತ್ತರಿಸುವುದಿಲ್ಲವಾದ್ದರಿಂದ ಅದಕ್ಕೆ ಈ ದೋಷವಿಲ್ಲ.

ಕಂಬದ ವಿಷಯದಲ್ಲಿ ಎರಡು ಎಚ್ಚರಿಕೆ. ಪೈಪಿಗೆ ಅರ್ಥಿಂಗ್ ಮಾಡಿಸಿ, ಏಪ್ರಿಲ್–ಮೇ ತಿಂಗಳ ಗುಡುಗು ಶುರುವಾಗುವ ಮುನ್ನವೇ ಮನೆಯೊಳಗಿನ ತುದಿಯಲ್ಲಿ ತಂತಿಯನ್ನು ಕಿತ್ತಿಡಿ. ಗೋಡೆಯೊಳಗೆ ಹೋಗುವ ಮುನ್ನ ತಂತಿಯನ್ನು ಒಂದು ಗೇಣು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ತಂತಿಗುಂಟ ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಪ್ರಶ್ನೆ: ಯಾವ ಕಂಪನಿಯ ಸಿಮ್ ಒಳ್ಳೆಯದು? ದಿನಕ್ಕೆ 2 ಜಿಬಿ ಸಾಕೆ? (ಸೋಮವಾರಪೇಟೆ ಕಡೆಯ ಓದುಗರು)

ಉತ್ತರ: ಪಕ್ಕದ ತೋಟದವರ ಅನುಭವ ನಿಮ್ಮ ಮನೆಗೆ ಅನ್ವಯಿಸದಿರಬಹುದು, ಅವರ ಮನೆ ಗುಡ್ಡದ ಇನ್ನೊಂದು ಮಗ್ಗುಲಿನಲ್ಲಿದ್ದರೆ ಅವರ ಟವರೇ ಬೇರೆ. ನೆಂಟರಿಷ್ಟರ ಫೋನುಗಳನ್ನು ಪಡೆದು, ರೂಟರ್ ಇಡುವ ಜಾಗದಲ್ಲಿ ಮೂರು ನಾಲ್ಕು ಕಂಪನಿಗಳ ಸಿಮ್‌ಗಳನ್ನು ಬೆಳಿಗ್ಗೆಯೂ ರಾತ್ರಿ 8 ಗಂಟೆಗೂ ಪರೀಕ್ಷಿಸಿ. ಎಲ್ಲರೂ ಮನೆ ಸೇರಿದ ಮೇಲೆ ಅಂಕಿ ಚೆನ್ನಾಗಿದ್ದೂ ವೇಗ ಕುಸಿದರೆ, ಅದು ಟವರಿನ ಜನಸಂದಣಿ; ಅದನ್ನು ಯಾವ ಆಂಟೆನಾವೂ ಪರಿಹರಿಸದು. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸಿದರೆ ಮತ್ತೆ 90 ದಿನ ಬದಲಿಸಲಾಗದು, ಆದ್ದರಿಂದ ರೂಟರಿಗೆ ಹೊಸ ಪ್ರೀಪೇಯ್ಡ್ ಸಿಮ್ ಕೊಳ್ಳುವುದೇ ಸರಿ.

ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಬಳಸುವ ವಿಡಿಯೊ ಕರೆ ಗಂಟೆಗೆ ಸುಮಾರು 675 ಎಂಬಿ ತಿನ್ನುತ್ತದೆ. ಮೂರು ಗಂಟೆಗೆ 2 ಜಿಬಿ ಮುಗಿಯಿತು. ಮನೆಗೆಲ್ಲ ಒಂದೇ ಸಂಪರ್ಕವಾದರೆ ಅದು ಸಾಲದು. ಇನ್ನೊಂದು ಮಾತು, ಮೊಬೈಲ್ ಸಂಪರ್ಕದಲ್ಲಿ ಸಾಮಾನ್ಯವಾಗಿ ನಿಮ್ಮದೇ ಆದ ಸಾರ್ವಜನಿಕ ಐಪಿ ವಿಳಾಸ (ಹೊರಗಿನವರು ಇಂಟರ್ನೆಟ್ ಮೂಲಕ ನಿಮ್ಮ ಮನೆಯ ಸಂಪರ್ಕವನ್ನು ನೇರವಾಗಿ ತಲುಪುವ ವಿಳಾಸ) ಸಿಗುವುದಿಲ್ಲ, ಹಾಗಾಗಿ ಕಾಫಿ ಗೋದಾಮಿನ ಕ್ಯಾಮೆರಾವನ್ನು ಹೊರಗಿನಿಂದ ನೋಡಬೇಕೆಂದಿದ್ದರೆ ಕ್ಯಾಮೆರಾ ತಯಾರಿಸಿದ ಕಂಪನಿಯ ಕ್ಲೌಡ್ ಮೂಲಕ ಕೆಲಸ ಮಾಡುವ ಕ್ಯಾಮೆರಾ ಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಎರಡು ಮೂರು ದಿನ ಇರುವುದಿಲ್ಲ. ಆಗ ಏನು ಮಾಡುವುದು? (ಪೊನ್ನಂಪೇಟೆ ಸಮೀಪದ ಓದುಗರು)

ಉತ್ತರ: ಹೆಚ್ಚಿನ ರೂಟರುಗಳು 12 ವೋಲ್ಟಿನವು. 12 ವೋಲ್ಟ್, 7 ಆಂಪಿಯರ್–ಅವರ್ ಬ್ಯಾಟರಿಯಿರುವ ಡಿಸಿ ಯುಪಿಎಸ್ ಒಂದು ರೂಟರನ್ನು ಐದಾರು ಗಂಟೆ ನಡೆಸಬಲ್ಲದು. ದೊಡ್ಡ ಇನ್ವರ್ಟರ್ ಇದ್ದರೆ ಚಿಂತೆಯಿಲ್ಲ. ಆದರೆ ಟವರಿಗೂ ಕರೆಂಟ್ ಬೇಕು. ಅದರ ಬ್ಯಾಟರಿ ಬರಿದಾಗಿ, ಮರ ಬಿದ್ದ ರಸ್ತೆಯಲ್ಲಿ ಜನರೇಟರಿಗೆ ಡೀಸೆಲ್ ತಲುಪದಿದ್ದರೆ ಸಂಪರ್ಕ ನಿಲ್ಲುತ್ತದೆ. ಎರಡು ಕಂಪನಿಗಳ ಸಿಮ್ ಇಟ್ಟುಕೊಳ್ಳಿ ಎಂಬ ಸಲಹೆ ಸರಿಯೇ, ಆದರೆ ಒಂದೇ ಟವರಿನಲ್ಲಿ ಹಲವು ಕಂಪನಿಗಳ ಆಂಟೆನಾಗಳು ಇರುವುದು ಸಾಮಾನ್ಯ. ಎರಡನೆಯ ಸಿಮ್ ಬೇರೆ ಗುಡ್ಡದ ಟವರಿಗೆ ಸೇರುವಂತಿರಲಿ, ಅದನ್ನು ಈ ಬೇಸಿಗೆಯಲ್ಲೇ ಪರೀಕ್ಷಿಸಿಡಿ.