1950ರ ದಶಕದ ಹೊಲಿಗೆ ಪತ್ರಿಕೆಗಳಲ್ಲಿ ಫ್ರಾಕಿನ ಸೊಂಟ ಅಷ್ಟು ಸಣ್ಣ ಯಾಕೆ? ಈಗ ಮಂಗಳೂರಿನಲ್ಲಿ ಅದನ್ನೇ ಹೊಲಿಸಬಹುದೇ?

ಆ ಸೊಂಟ ಅರ್ಧ ಚಿತ್ರಕಾರನ ಕೈಚಳಕ, ಉಳಿದರ್ಧ ಒಳಉಡುಪಿನದ್ದು. 1947ರಲ್ಲಿ ಪ್ಯಾರಿಸ್ಸಿನ ವಸ್ತ್ರವಿನ್ಯಾಸಕ ಕ್ರಿಸ್ಟಿಯನ್ ಡಿಯೋರ್ ತಂದ ‘ನ್ಯೂ ಲುಕ್’ ಎಂಬ ಸಪೂರ ಸೊಂಟ, ದೊಡ್ಡ ಘೇರಿನ ಶೈಲಿ ಮುಂದೆ ವರ್ಷಗಟ್ಟಲೆ ಈ ಪತ್ರಿಕೆಗಳನ್ನು ಆಳಿತು. ಗರ್ಡಲ್ ಎಂಬ ಬಿಗಿ ಎಲಾಸ್ಟಿಕ್ ಪಟ್ಟಿಯಿಂದ ನಡುವನ್ನು ಅದುಮಿ, ಕೆಳಗೆ ಮೀಟರುಗಟ್ಟಲೆ ಬಟ್ಟೆಯ ಘೇರು ಬಿಟ್ಟರೆ ಸೊಂಟ ಇನ್ನೂ ಸಪೂರ ಕಾಣುತ್ತದೆ. ಬ್ರಿಟನ್ನಿನಲ್ಲಿ ಬಟ್ಟೆಗೆ 1949ರವರೆಗೂ ರೇಷನ್ ಇತ್ತು. ಹಾಗಾಗಿ ಆ ಘೇರೇ ದೊಡ್ಡ ಶೋಕಿ.

ಹೊಲಿಸಬಹುದು, ಆದರೆ ಮಂಗಳೂರಿನ ಸೆಖೆಯಲ್ಲಿ ಗರ್ಡಲ್ ಯಾರು ತೊಡುತ್ತಾರೆ! ಹಳೇ ಸೈಜ್ ನಂಬರ್ ನಂಬಬೇಡಿ, ಈಗಿನದಕ್ಕೆ ತಾಳೆಯಾಗುವುದಿಲ್ಲ. ಎದೆ, ಸೊಂಟಕ್ಕೆ ಟೇಪ್ ಹಿಡಿದು, ಮೊದಲು ಹಳೇ ಪಂಚೆಯಲ್ಲಿ ಕಚ್ಚಾ ಹೊಲಿಗೆ ಹಾಕಿಸಿ ತೊಟ್ಟು ನೋಡಿ.